ಮೀನುಮರಿಯ ಜತೆ ಬರುವ ರೋಗ

ಜೀವಂತ ಮೀನನ್ನು ಒಂದು ನೀರಿನಿಂದ ಇನ್ನೊಂದು ನೀರಿಗೆ ಒಯ್ಯುವಾಗ ಮೀನೊಂದೇ ಹೋಗುವುದಿಲ್ಲ. ಅದರ ಕಿವಿರಿನಲ್ಲಿ, ಹುರುಪೆಯ ಸಂದಿಯಲ್ಲಿ, ಕರುಳಿನಲ್ಲಿ, ಅದನ್ನು ತುಂಬಿದ ಚೀಲದ ನೀರಿನಲ್ಲಿ ಪರೋಪಜೀವಿಗಳು, ಶಿಲೀಂಧ್ರದಂಥ ಜೀವಿಗಳು, ಬ್ಯಾಕ್ಟೀರಿಯಾ, ವೈರಾಣುಗಳು ಕಣ್ಣಿಗೆ ಬೀಳದೆ ಜತೆಗೂಡುತ್ತವೆ. ಗಾಳಕ್ಕೆ ಸಿಕ್ಕಿಸುವ ಎರೆ, ಸಾಕಣೆ ಮೀನಿಗೆ ಹಾಕುವ ಹಸಿ ಆಹಾರ, ಗಾಜಿನ ತೊಟ್ಟಿಗೆಂದು ತಂದ ಬಣ್ಣದ ಮೀನು, ಒಂದು ಕೆರೆಯಲ್ಲಿ ಬಳಸಿ ಒಣಗಿಸದೆ ಮತ್ತೊಂದು ಕೆರೆಗೆ ಇಳಿಸಿದ ಬಲೆ, ಇವೂ ಅದೇ ಸಾಲಿಗೆ ಸೇರುತ್ತವೆ. ಮೀನಿನ ಆಮದು, ಸಾಗಣೆಗಳನ್ನು ಕಾನೂನಿನಿಂದ ನಿಯಂತ್ರಿಸುವುದಕ್ಕೆ ಒಂದು ಮುಖ್ಯ ಕಾರಣ ಈ ಸಂಗತಿ.

ದನಕ್ಕೆ ಕಾಲುಬಾಯಿ ರೋಗ ಬಂದರೆ ಬೇರೆ ಕಟ್ಟಬಹುದು, ಲಸಿಕೆ ಹಾಕಿಸಬಹುದು, ಸಂತೆ ನಿಲ್ಲಿಸಬಹುದು. ಕೆರೆಯ ಮೀನಿಗೆ ಇದೊಂದೂ ಆಗುವುದಿಲ್ಲ. ರೋಗಪೀಡಿತ ಮೀನನ್ನು ಆರೋಗ್ಯದ ಮೀನಿನಿಂದ ಬೇರ್ಪಡಿಸುವುದು ನೂರಾರು ಎಕರೆ ನೀರಿನಲ್ಲಿ ಸಾಧ್ಯವಿಲ್ಲ. ಔಷಧ ಬೆರೆಸಹೊರಟರೆ ಕೆರೆಗೆ ಕೆರೆಯೇ ಬೆರೆಸಬೇಕು. ಅದೇ ನೀರನ್ನು ಜನ, ಜಾನುವಾರು, ಹಕ್ಕಿಗಳು ಕುಡಿಯುತ್ತಿರುತ್ತವೆ. ಒಮ್ಮೆ ನದಿ ಸೇರಿದ ರೋಗಾಣುವನ್ನು ಹೊರಹಾಕಲು ಯಾವ ದೇಶಕ್ಕೂ ಸುಲಭದ ದಾರಿ ಸಿಕ್ಕಿಲ್ಲ. ಆದ್ದರಿಂದ ಮೀನಿನ ಆರೋಗ್ಯದಲ್ಲಿ ಚಿಕಿತ್ಸೆಗಿಂತ ತಡೆ ಮುಖ್ಯವಾಗುತ್ತದೆ. ಆ ತಡೆಯನ್ನು ಎಲ್ಲಿ ಕಟ್ಟಬೇಕು, ಬಂದರಿನಲ್ಲೋ, ರಾಜ್ಯದ ಗಡಿಯಲ್ಲೋ, ಕೆರೆಯ ಏರಿಯ ಮೇಲೋ ಎಂಬುದು ಕರ್ನಾಟಕದ ಒಳನಾಡಿಗೆ ಈಗ ಎದುರಾಗಿರುವ ಪ್ರಶ್ನೆ.

ಹುಲಕೋಟಿಯ ಸುತ್ತಿನ ನೀರು

ಗದಗ ಜಿಲ್ಲೆ ಮಳೆ ಕಡಿಮೆಯ ನಾಡು. ಹುಲಕೋಟಿ, ಗದಗ-ಬೆಟಗೇರಿಯ ಕಪ್ಪು ಮಣ್ಣಿನ ಬಯಲಿನಲ್ಲಿ ಹರಿಯುವ ನೀರಿಗಿಂತ ನಿಲ್ಲಿಸಿದ ನೀರೇ ಹೆಚ್ಚು. ಮುಂಡರಗಿ ತಾಲೂಕಿನ ದಂಬಳದ ದೊಡ್ಡ ಕೆರೆ, ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ, ಲಕ್ಷ್ಮೇಶ್ವರದ ಸುತ್ತಿನ ಊರಕೆರೆಗಳು ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ತಗ್ಗುತ್ತವೆ. ಸಣ್ಣವು ಪೂರ್ತಿ ಬತ್ತುತ್ತವೆ. ಚಳಿಗಾಲಕ್ಕೆ ಪಟ್ಟೆತಲೆ ಬಾತುಗಳು ಬಂದಿಳಿಯುವ ಮಾಗಡಿ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಕೃಷಿಹೊಂಡಗಳು ಎದ್ದವು; ಅವುಗಳಲ್ಲಿ ಕೆಲವಕ್ಕೆ ಮೀನೂ ಬಿತ್ತು. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಮ್ಮಿಗಿಯ ಬ್ಯಾರೇಜಿನಲ್ಲಿ ನಿಂತ ನೀರನ್ನು ಸಿಂಗಟಾಲೂರು ಏತ ನೀರಾವರಿ ಯೋಜನೆ ಮೇಲೆತ್ತುತ್ತದೆ. ಅಲ್ಲಿಂದ ಕೆಳಗೆ ನದಿ ಸೇರುವುದು ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನು. ಅದು ಪೂರ್ತಿ ತುಂಬಿದಾಗ ನೀರು ಹರಡುವ ವಿಸ್ತಾರ ಸುಮಾರು 378 ಚದರ ಕಿಲೋಮೀಟರ್.

ಬತ್ತುವ ಕೆರೆಗೂ ಬತ್ತದ ನದಿಗೂ ರೋಗದ ದೃಷ್ಟಿಯಿಂದ ದೊಡ್ಡ ವ್ಯತ್ಯಾಸವಿದೆ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ತಳದ ಕೆಸರು ಒಡೆದು ಬಿರುಕು ಬಿಟ್ಟಾಗ ಆ ಕೆರೆಯ ಹಲವು ರೋಗಾಣುಗಳು, ಪರೋಪಜೀವಿಗಳ ಮೊಟ್ಟೆಗಳು ಸಾಯುತ್ತವೆ. ಬರದ ಸೀಮೆಯ ಕೆರೆಗೆ ಬರವೇ ಕೊಟ್ಟ ಒಂದು ರಕ್ಷಣೆ ಇದು. ಆದರೆ ಮುಂದಿನ ಮಳೆಗೆ ಕೆರೆ ತುಂಬಿದಾಗ ಅಲ್ಲಿ ಮೀನೂ ಇರುವುದಿಲ್ಲ. ಮತ್ತೆ ಹೊರಗಿನಿಂದ ಬಿತ್ತನೆ ಮರಿ ತಂದು ಬಿಡಬೇಕು. ಹೀಗೆ ಪ್ರತಿವರ್ಷ ಕೆರೆ ಶುದ್ಧವಾಗುವ ಅವಕಾಶವೂ, ಪ್ರತಿವರ್ಷ ಹೊಸ ರೋಗ ಒಳಬರುವ ಅವಕಾಶವೂ ಒಟ್ಟೊಟ್ಟಿಗೆ ಇವೆ. ನದಿಯ ನೀರನ್ನು ಏತದಿಂದ ಕೆರೆಗಳಿಗೆ ತುಂಬಿಸತೊಡಗಿದಲ್ಲಿ ಮೂರನೆಯ ದಾರಿಯೊಂದು ತೆರೆಯುತ್ತದೆ. ಕುಡಿಯುವ ನೀರಿಗೂ ಬೆಳೆಗೂ ಅದು ಬೇಕೇ ಬೇಕು. ಆದರೆ ನದಿಯಲ್ಲಿ ನೆಲೆಸಿದ ರೋಗ ಕೆರೆಗೆ, ಕೆರೆಯದು ಕೋಡಿ ಬಿದ್ದಾಗ ಹಳ್ಳದ ಮೂಲಕ ನದಿಗೆ ದಾಟಲು ಅದರಿಂದ ಅನುಕೂಲವಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಬಿತ್ತನೆಯ ಹಾದಿ

ಗದಗದ ಕೆರೆಗಳಲ್ಲಿ ಇಂದು ಬೆಳೆಯುವ ಮುಖ್ಯ ಮೀನುಗಳು ಈ ನೆಲದವಲ್ಲ. ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನ ನದಿಗಳವು. ಸಾಮಾನ್ಯ ಗೆಂಡೆ 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಬಂತು. ಬಯಲುಸೀಮೆಯ ಬಿಸಿಲಿಗೆ ಒಗ್ಗುವ ತಳಿ 1957ರಲ್ಲಿ ಬ್ಯಾಂಕಾಕ್‌ನಿಂದ ಕಟಕ್‌ಗೆ ಬಂತು. 1959ರಲ್ಲಿ ಜಪಾನಿನಿಂದ ಬೆಳ್ಳಿಗೆಂಡೆ, ಹಾಂಗ್‌ಕಾಂಗ್‌ನಿಂದ ಹುಲ್ಲುಗೆಂಡೆ ಬಂದವು. ಜನ ಜಿಲೇಬಿ ಎಂದು ಕರೆಯುವ ತಿಲಾಪಿಯ 1952ರಲ್ಲಿ ಕಾಲಿಟ್ಟಿತು. ಅದು ಬೇಕಾಬಿಟ್ಟಿ ಹೆಚ್ಚುವುದನ್ನು ಕಂಡು 1959ರಲ್ಲಿ ಅದರ ಹರಡುವಿಕೆಗೆ ನಿರ್ಬಂಧ ಹೇರುವಷ್ಟರಲ್ಲಿ ದಕ್ಷಿಣದ ಕೆರೆಗಳಲ್ಲಿ ಬೇರೂರಿ ಆಗಿತ್ತು. ಇವೆಲ್ಲ ಸರ್ಕಾರವೇ ಯೋಚಿಸಿ ತರಿಸಿದ ಮೀನುಗಳು. ಹೊಟ್ಟೆಗೆ ಪ್ರೋಟೀನು, ಮೀನುಗಾರನಿಗೆ ದುಡಿಮೆ ಕೊಟ್ಟವು. ಅವನ್ನು ದೂರುವುದು ನ್ಯಾಯವಲ್ಲ.

ಅನುಮತಿ ಇಲ್ಲದೆ ಬಂದವುಗಳ ಕಥೆ ಬೇರೆ. ಆಫ್ರಿಕನ್ ಕ್ಯಾಟ್‌ಫಿಶ್ ಬಾಂಗ್ಲಾದೇಶದ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ನುಸುಳಿ, ಅಲ್ಲಿಂದ ದೇಶದುದ್ದಕ್ಕೂ ಹಬ್ಬಿತು. ಕೇಂದ್ರ ಸರ್ಕಾರ 1997ರಲ್ಲೇ ಅದರ ಸಾಕಣೆಯನ್ನು ನಿಷೇಧಿಸಿದರೂ ಕೋಳಿ ಅಂಗಡಿಯ ತ್ಯಾಜ್ಯ ತಿಂದು ಬೆಳೆಯುವ ಈ ಮೀನಿನ ಕದ್ದುಮುಚ್ಚಿದ ಹೊಂಡಗಳು ಕರ್ನಾಟಕದಲ್ಲಿ ಆಮೇಲೂ ಪತ್ತೆಯಾಗುತ್ತಲೇ ಬಂದಿವೆ. ಅಕ್ವೇರಿಯಂನ ಗಾಜು ಚೊಕ್ಕಟ ಮಾಡುತ್ತದೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ದೊಡ್ಡದಾದಾಗ ಸಾಕಿದವರೇ ಒಯ್ದು ಕೆರೆಗೆ ಬಿಟ್ಟರು. ಬೆಂಗಳೂರಿನ ಕೆರೆಗಳಲ್ಲಿ ಈಗ ಅದು ಬಲೆ ಹರಿಯುವ ಕಾಟ.

ಒಳನಾಡಿನ ಬಿತ್ತನೆ ಮರಿಯ ದೊಡ್ಡ ವ್ಯಾಪಾರ ನಡೆಯುವುದು ರಾಜ್ಯ ರಾಜ್ಯಗಳ ನಡುವೆ. ರಾಜ್ಯದ ಮರಿ ಉತ್ಪಾದನೆ ಸಾಲದ ಕಡೆ ಆಂಧ್ರದ ಕೈಕಲೂರು-ಕೊಲ್ಲೇರು ಭಾಗದಿಂದಲೂ ಕೋಲ್ಕತ್ತ ಬಳಿಯ ನೈಹಾಟಿ ಮಾರುಕಟ್ಟೆಯಿಂದಲೂ ಮರಿ ಬರುತ್ತದೆ. ಆಮ್ಲಜನಕ ತುಂಬಿ ಬಿಗಿದ ಪ್ಲಾಸ್ಟಿಕ್ ಚೀಲಗಳಲ್ಲಿ, ಲಾರಿಯಲ್ಲೋ ರೈಲಿನಲ್ಲೋ ಒಂದೆರಡು ದಿನದ ಪ್ರಯಾಣ. ಜುಲೈನಿಂದ ಸೆಪ್ಟೆಂಬರ್‌ವರೆಗೆ, ಕೆರೆಗೆ ನೀರು ಬಂದ ಬೆನ್ನಿಗೆ, ಬಿತ್ತನೆಯ ಅವಸರ. ಮರಿ ಸಾಯುವ ಮೊದಲು ನೀರಿಗೆ ಬಿಡಬೇಕೆಂಬ ಆತುರದಲ್ಲಿ ಚೀಲ ಬಿಚ್ಚಿ, ಮರಿಯನ್ನೂ ಚೀಲದ ನೀರನ್ನೂ ಒಟ್ಟಿಗೆ ಕೆರೆಗೆ ಸುರಿಯುವುದು ಸಾಮಾನ್ಯ. ರೋಗ ದಾಟುವುದು ಆ ಕ್ಷಣದಲ್ಲಿ. ಕಾಯಿಲೆಯ ಚಿಹ್ನೆ ಮಾತ್ರ ತಿಂಗಳುಗಳ ನಂತರ ಕಾಣುತ್ತದೆ. ಆಗಸ್ಟ್‌ನಲ್ಲಿ ಬಿಟ್ಟ ಮರಿಯ ಜತೆ ಬಂದದ್ದು ಡಿಸೆಂಬರ್‌ನಲ್ಲಿ ಹುಣ್ಣಾಗಿ ತೋರಿದರೆ ಎರಡನ್ನೂ ಜೋಡಿಸಿ ನೋಡುವವರು ಯಾರೂ ಇರುವುದಿಲ್ಲ. ನೀರು ಕೆಟ್ಟಿತು, ಯಾರೋ ವಿಷ ಹಾಕಿದರು ಎಂಬ ಮಾತುಗಳು ಏಳುತ್ತವೆ.

ಮೀನು ಹೇನಿನ ಉದಾಹರಣೆ ಇದನ್ನು ಸರಳವಾಗಿ ತೋರಿಸುತ್ತದೆ. ಆರ್ಗುಲಸ್ ಎಂಬ ಈ ಚಪ್ಪಟೆ ಪರೋಪಜೀವಿ ಕೆಲವೇ ಮಿಲಿಮೀಟರ್ ಉದ್ದ. ದಿಟ್ಟಿಸಿ ನೋಡಿದರೆ ಬರಿಗಣ್ಣಿಗೇ ಕಾಣುತ್ತದೆ. ಗೆಂಡೆ, ರೋಹುಗಳ ಮೈಗೆ ಅಂಟಿ ರಕ್ತ ಹೀರುತ್ತದೆ, ಅದು ಕಚ್ಚಿದ ಜಾಗದಲ್ಲಿ ಬ್ಯಾಕ್ಟೀರಿಯಾ ಹೊಕ್ಕು ಹುಣ್ಣಾಗುತ್ತದೆ. ಮೊಟ್ಟೆ ಇಡುವುದು ಮೀನಿನ ಮೇಲಲ್ಲ, ನೀರಿನಲ್ಲಿರುವ ಕಲ್ಲು, ಕಟ್ಟಿಗೆಗಳ ಮೇಲೆ. 2013ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ ಇದರಿಂದ ಗೆಂಡೆ ಸಾಕಣೆಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 29 ಸಾವಿರ ರೂಪಾಯಿ ನಷ್ಟ. ಮರಿ ಬಿಡುವ ಮುನ್ನ ಹತ್ತಿಪ್ಪತ್ತನ್ನು ಬೊಗಸೆಯಲ್ಲಿ ಹಿಡಿದು ನೋಡುವ ತಾಳ್ಮೆ ಇದ್ದರೆ ಈ ನಷ್ಟದ ಒಂದು ಪಾಲನ್ನು ಉಳಿಸಬಹುದು.

ಹುಣ್ಣು ರೋಗ ಕಲಿಸಿದ್ದು

ಗಡಿ ದಾಟಿದ ರೋಗ ಒಂದು ದೇಶದ ಒಳನಾಡನ್ನು ಹೇಗೆ ಹಿಡಿಯುತ್ತದೆ ಎಂಬುದಕ್ಕೆ ಭಾರತದಲ್ಲಿ ಎದ್ದು ಕಾಣುವ ಸಾಕ್ಷಿ ಮೀನುಗಳ ಹುಣ್ಣು ರೋಗ. ವಿಜ್ಞಾನಿಗಳು ಇದನ್ನು ಇಯುಎಸ್ ಎಂದು ಕರೆಯುತ್ತಾರೆ. 1971ರಲ್ಲಿ ಜಪಾನಿನಲ್ಲಿ, ಮರುವರ್ಷ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಂಡ ಈ ಕಾಯಿಲೆ ಆಗ್ನೇಯ ಏಷ್ಯಾದ ಒಂದೊಂದೇ ದೇಶವನ್ನು ಹಾದು 1988ರಲ್ಲಿ ಬಾಂಗ್ಲಾದೇಶ ಮುಟ್ಟಿತು. ಅದೇ ವರ್ಷ ತ್ರಿಪುರಾ, ಮೇಘಾಲಯ, ಅಸ್ಸಾಮಿನ ನೀರುಗಳಿಗೆ ಬಂತು. ಅಲ್ಲಿಂದ ಬಂಗಾಳ, ಬಿಹಾರ, ಒಡಿಶಾ. 1991ರಲ್ಲಿ ಕೇರಳದ ಕುಟ್ಟನಾಡು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲೇ ಕರ್ನಾಟಕ. 1996ರಲ್ಲಿ ಪಾಕಿಸ್ತಾನ, 2006-07ರಲ್ಲಿ ಆಫ್ರಿಕಾದ ಜಾಂಬೆಜಿ ಕಣಿವೆ. ಸಮುದ್ರಗಳನ್ನು ದಾಟುವ ಇಂಥ ನೆಗೆತಕ್ಕೆ ಮನುಷ್ಯ ನಡೆಸುವ ಮೀನಿನ ವ್ಯಾಪಾರವೇ ಕಾರಣವೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ದೇಶದೊಳಗೆ ಪ್ರವಾಹದ ನೀರೂ ಸೇರಿಕೊಂಡಿತು.

ಮೊದಲ ವರ್ಷಗಳಲ್ಲಿ ಕಾರಣವೇ ತಿಳಿದಿರಲಿಲ್ಲ. ವೈರಾಣು ಎಂದರು, ಬ್ಯಾಕ್ಟೀರಿಯಾ ಎಂದರು, ಕೀಟನಾಶಕ ಎಂದರು. ಕೊನೆಗೆ ಗೊತ್ತಾದದ್ದು ಅಫನೊಮೈಸಿಸ್ ಇನ್ವಾಡೆನ್ಸ್ ಎಂಬ ಜೀವಿ. ನೋಡಲು ಶಿಲೀಂಧ್ರದಂತಿದ್ದರೂ ಅದು ನಿಜ ಶಿಲೀಂಧ್ರವಲ್ಲ, ನೀರಿನಲ್ಲಿ ಈಜಬಲ್ಲ ಬೀಜಾಣುಗಳಿಂದ ಹರಡುವ ಬೇರೆಯೇ ಗುಂಪಿನದು. ಬೀಜಾಣು ಮೀನಿನ ಗಾಯಗೊಂಡ ಚರ್ಮಕ್ಕೆ ಅಂಟಿ ಎಳೆಗಳಾಗಿ ಮೊಳೆತು ಮಾಂಸದೊಳಕ್ಕೆ ಇಳಿಯುತ್ತದೆ. ಮೊದಲು ಕೆಂಪು ಚುಕ್ಕೆ, ಆಮೇಲೆ ಬಿಲ್ಲೆಯಷ್ಟು ಅಗಲದ ಹುಣ್ಣು. ವಿಪರೀತವಾದಾಗ ಮೂಳೆ ಕಾಣುವಷ್ಟು ಆಳ. ಇದೇ ಕುಲದ ಇನ್ನೊಂದು ಜೀವಿ, ಅಫನೊಮೈಸಿಸ್ ಅಸ್ಟಾಸಿ, ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಅಮೆರಿಕದಿಂದ ಯುರೋಪಿಗೆ ಹೋಗಿ ಅಲ್ಲಿನ ಸಿಹಿನೀರಿನ ಕ್ರೇಫಿಶ್‌ಗಳನ್ನು ನದಿ ನದಿಗಳಲ್ಲಿ ನಿರ್ನಾಮ ಮಾಡಿತ್ತು. ಅಮೆರಿಕದ ಕ್ರೇಫಿಶ್ ಅದರೊಂದಿಗೆ ಬದುಕಲು ಕಲಿತಿತ್ತು. ಯುರೋಪಿನದಕ್ಕೆ ಆ ರೋಗ ಹೊಸದಾಗಿತ್ತು. ತವರಿನಲ್ಲಿ ತಣ್ಣಗಿರುವ ರೋಗಾಣು ಪರದೇಶದಲ್ಲಿ ಮಾರಿಯಾಗುವುದಕ್ಕೆ ಇದೇ ಕಾರಣ.

ಹುಣ್ಣು ರೋಗ ಎಲ್ಲ ಮೀನುಗಳನ್ನೂ ಒಂದೇ ಸಮ ಹಿಡಿಯಲಿಲ್ಲ ಎಂಬುದು ಗದಗದಂಥ ಜಿಲ್ಲೆಗೆ ಬಹಳ ಮುಖ್ಯ. ತಿಲಾಪಿಯ, ಸಾಮಾನ್ಯ ಗೆಂಡೆಗಳು ಅದನ್ನು ತಡೆದುಕೊಂಡವು. ಹೆಚ್ಚು ಪೆಟ್ಟು ತಿಂದದ್ದು ಕೊರವ, ಚೇಳುಮೀನು, ಪುಂಟಿಯಸ್ ಗುಂಪಿನ ಸಣ್ಣ ಮೀನುಗಳು. ಅಂದರೆ ಯಾರೂ ಬಿತ್ತದೆ ತಾವಾಗಿ ಬೆಳೆಯುವ, ಬಡವರ ಸಾರಿಗೆ ಬೀಳುವ, ಬಿತ್ತನೆ ಕೊಳ್ಳಲು ದುಡ್ಡಿಲ್ಲದವನಿಗೂ ಹಕ್ಕಿನಂತೆ ಸಿಗುವ ನಾಡಮೀನುಗಳು. ಹೊರಗಿನಿಂದ ಬಂದ ಮೀನು ಉಳಿಯುವುದು, ಊರಿನ ಮೀನು ಸಾಯುವುದು. ಆಮದು ರೋಗಗಳಲ್ಲಿ ಮತ್ತೆ ಮತ್ತೆ ಕಾಣುವ ಅನ್ಯಾಯ ಇದು. ಗುತ್ತಿಗೆದಾರನ ಲೆಕ್ಕದಲ್ಲಿ ನಷ್ಟವಾಗದ ಮೀನು ಸತ್ತರೆ ಅದು ಯಾವ ಕಡತಕ್ಕೂ ಏರುವುದಿಲ್ಲ.

ರೋಗ ಉಲ್ಬಣಿಸುವುದು ಮಳೆ ನಿಂತು ನೀರು ತಂಪಾಗುವ ನವೆಂಬರ್‌ನಿಂದ ಜನವರಿಯವರೆಗೆ. ಆಗ ಮೀನಿನ ನಿರೋಧಶಕ್ತಿ ಕುಗ್ಗಿರುತ್ತದೆ, ಅಫನೊಮೈಸಿಸ್‌ಗೆ ಆ ತಂಪು ಹಿತವಾಗಿರುತ್ತದೆ. ಸಣ್ಣ ಹೊಂಡಗಳಲ್ಲಿ ಸುಣ್ಣ ಹಾಕುವುದು ಕೆಲಸ ಮಾಡಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆ ಸಿಫಾಕ್ಸ್ ಎಂಬ ಔಷಧಿ ರೂಪಿಸಿತು. ದೊಡ್ಡ ಕೆರೆ, ನದಿಗಳಲ್ಲಿ ಮಾಡಲು ಏನೂ ಇರಲಿಲ್ಲ. ಹುಣ್ಣಾದ ಮೀನು ಕಂಡು ಜನ ಮೀನು ತಿನ್ನುವುದನ್ನೇ ಬಿಟ್ಟರು. ಮಾರುಕಟ್ಟೆ ಕುಸಿದು, ರೋಗವಿಲ್ಲದ ಊರಿನ ಮೀನುಗಾರರೂ ಬರಿಗೈಯಾದರು. ಈ ಜೀವಿ ಮನುಷ್ಯರಿಗೆ ತಗಲುವುದಿಲ್ಲವೆಂದು ತಿಳಿಸಿ ಹೇಳಲು ಬಹಳ ಕಾಲ ಹಿಡಿಯಿತು.

ಈಚಿನ ವೈರಾಣುಗಳ ಹಾದಿಯೂ ಇದೇ. ತಿಲಾಪಿಯ ಲೇಕ್ ವೈರಾಣು ಇಸ್ರೇಲಿನಲ್ಲಿ ಗುರುತಾದದ್ದು 2014ರಲ್ಲಿ. 2018ರ ಹೊತ್ತಿಗೆ ಪಶ್ಚಿಮ ಬಂಗಾಳ ಮತ್ತು ಕೇರಳದಲ್ಲಿ ಅದು ಇರುವುದು ವರದಿಯಾಯಿತು. ಗೆಂಡೆಯನ್ನೂ ಅದರ ಬಣ್ಣದ ತಳಿಯಾದ ಕೋಯಿಯನ್ನೂ ಕೊಲ್ಲುವ ಕೋಯಿ ಹರ್ಪಿಸ್ ವೈರಾಣು 1998ರಿಂದೀಚೆಗೆ ಇಸ್ರೇಲ್, ಅಮೆರಿಕ, ಇಂಡೊನೇಷ್ಯಾ, ಜಪಾನುಗಳನ್ನು ಸುತ್ತಿದೆ. ಅಂದಕ್ಕೆ ಕೊಂಡ ಒಂದು ಕೋಯಿ ಮೀನು ಊಟಕ್ಕೆ ಬೆಳೆಸುವ ಗೆಂಡೆಗೆ ರೋಗ ಕೊಡಬಲ್ಲದು. ಎರಡೂ ಒಂದೇ ಜಾತಿ. ಕರ್ನಾಟಕದ ಕೆರೆಗಳು ಸಾಮಾನ್ಯ ಗೆಂಡೆಯನ್ನು ಎಷ್ಟು ನೆಚ್ಚಿಕೊಂಡಿವೆ ಎಂಬುದನ್ನು ನೆನೆದರೆ, ಅಕ್ವೇರಿಯಂ ವ್ಯಾಪಾರವನ್ನು ಹವ್ಯಾಸಿಗಳ ವಿಷಯವೆಂದು ಬದಿಗಿಡಲಾಗದು.

ಬಂದರಿನ ಬಾಗಿಲು

ಭಾರತಕ್ಕೆ ಜೀವಂತ ಮೀನು ತರುವುದನ್ನು ನಿಯಂತ್ರಿಸುವ ಆಧಾರ 1898ರ ಪಶು ಆಮದು ಕಾಯ್ದೆ. ದನ, ಕುದುರೆಗಳನ್ನು ಮನಸ್ಸಿನಲ್ಲಿಟ್ಟು ಬ್ರಿಟಿಷರು ಮಾಡಿದ ಈ ಕಾಯ್ದೆ 2001ರಲ್ಲಿ ತಿದ್ದುಪಡಿಯಾಗಿ ಮೀನು ಸೇರಿದಂತೆ ಪ್ರಾಣಿಜನ್ಯ ಪದಾರ್ಥಗಳನ್ನೂ ಒಳಗೊಂಡಿತು. ಹೊಸ ಜಾತಿಯೊಂದನ್ನು ತರಿಸಬೇಕಾದರೆ ವಿದೇಶಿ ಜಲಚರಗಳ ಕುರಿತ ರಾಷ್ಟ್ರೀಯ ಸಮಿತಿ ಒಪ್ಪಬೇಕು. ಅದಲ್ಲದೆ ಆಮದಿಗೆ ಆರೋಗ್ಯ ಪರವಾನಗಿ, ಕಳುಹಿಸುವ ದೇಶದ ಅಧಿಕಾರಿಗಳ ಪ್ರಮಾಣಪತ್ರ, ಗೊತ್ತುಪಡಿಸಿದ ಬಂದರು ಅಥವಾ ವಿಮಾನ ನಿಲ್ದಾಣದಲ್ಲೇ ಇಳಿಸುವ ನಿಯಮ, ಅಲ್ಲಿನ ಪಶು ಕ್ವಾರಂಟೈನ್ ಕೇಂದ್ರದ ತಪಾಸಣೆ ಇವೆ. ಬೆಂಗಳೂರಿನಲ್ಲೂ ಅಂಥ ಕೇಂದ್ರವಿದೆ. ಯಾವ ರೋಗಕ್ಕೆ ತಪಾಸಣೆ ನಡೆಸಬೇಕೆಂಬುದಕ್ಕೆ ಪ್ಯಾರಿಸ್‌ನಲ್ಲಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿ ಆಧಾರ. 1995ರಿಂದ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ ಯಾವ ದೇಶವೂ ಕಾರಣವಿಲ್ಲದೆ ಆಮದು ತಡೆಯುವಂತಿಲ್ಲ. ರೋಗದ ಅಪಾಯವನ್ನು ವೈಜ್ಞಾನಿಕವಾಗಿ ತೋರಿಸಬೇಕು. ಹಾಗಾಗಿ ತನ್ನ ನೀರಿನಲ್ಲಿ ಯಾವ ರೋಗ ಇದೆ, ಯಾವುದು ಇಲ್ಲ ಎಂದು ಲೆಕ್ಕ ಇಟ್ಟ ದೇಶ ಮಾತ್ರ ಬಾಗಿಲು ಹಾಕಬಲ್ಲದು.

ಬಾಗಿಲು ಸರಿಯಾಗಿ ಕಾದರೆ ಏನಾಗುತ್ತದೆ ಎಂಬುದನ್ನು ಸೀಗಡಿಯಲ್ಲಿ ನೋಡಬಹುದು. 1994-95ರಲ್ಲಿ ಪೂರ್ವ ಕರಾವಳಿಯಲ್ಲಿ ಕಾಣಿಸಿಕೊಂಡ ಬಿಳಿ ಚುಕ್ಕೆ ರೋಗ ಹುಲಿ ಸೀಗಡಿ ಸಾಕಣೆಯನ್ನು ನೆಲಕಚ್ಚಿಸಿತು. ಕುಮಟಾ, ಕುಂದಾಪುರಗಳ ಕಡೆಯ ಹೊಂಡಗಳೂ ಉಳಿಯಲಿಲ್ಲ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ದಂಪತಿಯ ತಂಡ ಪಿಸಿಆರ್ ವಿಧಾನದಿಂದ ಈ ವೈರಾಣುವನ್ನು ಹುಡುಕಿ, ಸಾಕಿದ ಸೀಗಡಿಯಲ್ಲಷ್ಟೇ ಅಲ್ಲ, ಕಡಲು-ಅಳಿವೆಗಳ ಕಾಡು ಚಿಪ್ಪುಜೀವಿಗಳಲ್ಲೂ ಅದು ಇದೆಯೆಂದು 1999ರಲ್ಲಿ ಪ್ರಕಟಿಸಿತು. ಹೊಂಡದ ರೋಗ ಅಳಿವೆಯ ರೋಗವೂ ಆಗಿತ್ತು. ಮುಂದೆ ಅಮೆರಿಕ ಖಂಡದ ವನ್ನಾಮಿ ಸೀಗಡಿಯನ್ನು ತರಿಸಲು 2009ರಲ್ಲಿ ಅನುಮತಿ ಕೊಟ್ಟಾಗ ಹಳೆಯ ಪಾಠ ಮರೆಯಲಿಲ್ಲ. ನಿರ್ದಿಷ್ಟ ರೋಗಗಳಿಂದ ಮುಕ್ತವೆಂದು ದೃಢಪಟ್ಟ ತಾಯಿ ಸೀಗಡಿಯನ್ನೇ ತರಬೇಕು. ಅದು ಚೆನ್ನೈನ ನೀಲಾಂಗರೈನಲ್ಲಿ ಕಟ್ಟಿದ ಜಲಚರ ಕ್ವಾರಂಟೈನ್ ಕೇಂದ್ರದಲ್ಲಿ ಪ್ರತ್ಯೇಕವಾಗಿದ್ದು, ಪರೀಕ್ಷೆಯಲ್ಲಿ ಪಾಸಾಗಿ, ನೋಂದಾಯಿತ ಮರಿ ಕೇಂದ್ರಕ್ಕೇ ಹೋಗಬೇಕು. ಆ ಶಿಸ್ತಿನ ಮೇಲೆ ಇಂದಿನ ಸೀಗಡಿ ರಫ್ತು ನಿಂತಿದೆ. ಆದರೂ ಕೆಲವೇ ವರ್ಷಗಳಲ್ಲಿ ಇಎಚ್‌ಪಿ ಎಂಬ ಸೂಕ್ಷ್ಮಜೀವಿ ಭಾರತದ ಹೊಂಡಗಳಲ್ಲಿ ಕಂಡುಬಂತು. ತಾಯಿ ಸೀಗಡಿಗೆ ತಿನ್ನಿಸುವ ಜೀವಂತ ಕಡಲಹುಳು ಇದನ್ನು ಹೊತ್ತು ತರಬಲ್ಲದು. ಮುಂಬಾಗಿಲಲ್ಲಿ ಸೀಗಡಿಯನ್ನು ತಡೆದು ಪರೀಕ್ಷಿಸಿದರೂ ಅದರ ಆಹಾರದ ಕಡೆಗೆ ಅಷ್ಟೇ ಗಮನ ಹೋಗದಿದ್ದರೆ ಕಾವಲು ಅರ್ಧವೇ.

ಆಹಾರ, ಎರೆಗಳ ಅಪಾಯಕ್ಕೆ ಆಸ್ಟ್ರೇಲಿಯಾದ ಅನುಭವ ಕಣ್ಣು ತೆರೆಸುವಂಥದು. 1995ರಲ್ಲಿ, ಮತ್ತೆ 1998-99ರಲ್ಲಿ ಅಲ್ಲಿನ ದಕ್ಷಿಣ ಕಡಲಲ್ಲಿ ಪಿಲ್ಚರ್ಡ್ ಎಂಬ ಬೂತಾಯಿ ಜಾತಿಯ ಮೀನು ರಾಶಿ ರಾಶಿಯಾಗಿ ಸತ್ತು ದಡ ಸೇರಿತು. ಸಾಕಣೆಯ ಟ್ಯೂನಾಗೆ ಹಾಕಲು ಹೊರದೇಶಗಳಿಂದ ತಂದ ಶೈತ್ಯೀಕರಿಸಿದ ಪಿಲ್ಚರ್ಡ್ ಮೇಲೆ ಅನುಮಾನ ಬಿತ್ತು. 2016ರ ಕೊನೆಯಲ್ಲಿ ಕ್ವೀನ್ಸ್‌ಲ್ಯಾಂಡಿನ ಲೋಗನ್ ನದಿಯ ಸೀಗಡಿ ಸಾಕಣೆ ಕೇಂದ್ರಗಳಲ್ಲಿ ಬಿಳಿ ಚುಕ್ಕೆ ರೋಗ ಎದ್ದಿತು. ಅಡುಗೆಗೆಂದು ಅಂಗಡಿಯಲ್ಲಿ ಮಾರುವ ಆಮದು ಹಸಿ ಸೀಗಡಿಯನ್ನು ಜನ ಗಾಳಕ್ಕೆ ಎರೆಯಾಗಿ ಬಳಸಿದ್ದೂ ಕಾರಣವಿರಬಹುದೆಂಬ ಶಂಕೆ ಬಂತು. ಈ ವೈರಾಣು ಶೈತ್ಯೀಕರಣದಲ್ಲಿ ಸಾಯುವುದಿಲ್ಲ, ಬೇಯಿಸಿದರೆ ಸಾಯುತ್ತದೆ. 2017ರ ಜನವರಿಯಲ್ಲಿ ಸರ್ಕಾರ ಹಸಿ ಸೀಗಡಿ ಆಮದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ರೋಗ ಕಂಡ ಕರಾವಳಿಯಿಂದ ಹಸಿ ಸೀಗಡಿ, ಎರೆಗೆ ಬಳಸುವ ಕಡಲಹುಳು ಹೊರಗೆ ಹೋಗದಂತೆ ಗಡಿ ಹಾಕಿತು.

ಕರ್ನಾಟಕದ ಗಾಳದ ರೂಢಿ ಈ ವಿಷಯದಲ್ಲಿ ಬಹುಪಾಲು ನಿರಪಾಯ. ಕಾವೇರಿಯಲ್ಲಿ ಮಹಶೀರ್ ಹಿಡಿಯಲು ಬಂದ ಹವ್ಯಾಸಿಗಳು ನೆಚ್ಚಿದ್ದು ರಾಗಿ ಹಿಟ್ಟಿನ ಉಂಡೆಯನ್ನು. ಗದಗದ ಕೆರೆಯಂಗಳದಲ್ಲಿ ಹುಡುಗರು ಸಿಕ್ಕಿಸುವುದು ಅದೇ ದಂಡೆಯ ಎರೆಹುಳ, ಕಲಸಿದ ಹಿಟ್ಟು. ಊರಿನದೇ ಮಣ್ಣಿನ ಹುಳ, ಬೇಯಿಸಿದ ಹಿಟ್ಟು ಹೊರಗಿನ ಮೀನಿನ ರೋಗ ತರುವುದಿಲ್ಲ. ಅಪಾಯ ಇರುವುದು ಒಂದು ಕೆರೆಯ ಜೀವಂತ ಸಣ್ಣ ಮೀನನ್ನು ಡಬ್ಬಿಯಲ್ಲಿ ಇನ್ನೊಂದು ಕೆರೆಗೆ ಎರೆಯಾಗಿ ಒಯ್ದು, ಸಂಜೆ ಉಳಿದದ್ದನ್ನು ಅಲ್ಲೇ ಚೆಲ್ಲಿ ಬರುವುದರಲ್ಲಿ.

ಗಡಿಯಿಂದ ಕೆರೆಯವರೆಗೆ

ಬಂದರಿನಲ್ಲಿ ಇಷ್ಟೆಲ್ಲ ನಿಯಮಗಳಿರುವಾಗ ರಾಜ್ಯ ರಾಜ್ಯಗಳ ನಡುವೆ ಏನಿದೆ? ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯದ ಪಟ್ಟಿಯಲ್ಲಿದೆ. ರಾಜ್ಯಗಳ ನಡುವಿನ ಕ್ವಾರಂಟೈನ್ ವಿಷಯ ಕೇಂದ್ರ ಸರ್ಕಾರದ ಪಟ್ಟಿಯಲ್ಲಿದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಪ್ರಾಣಿರೋಗ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯಲ್ಲಿದೆ. ಮೂರೂ ಕಡೆ ಇರುವ ಅಧಿಕಾರ ಮೀನುಮರಿಯ ಲಾರಿಯ ಮುಂದೆ ಎಲ್ಲೂ ನಿಂತಂತೆ ಕಾಣುವುದಿಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ತಡೆಯಲು 2009ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಪ್ರಾಣಿ ಎಂದರೆ ಯಾವುವು ಎಂದು ಹೆಸರಿಸುತ್ತದೆ: ದನ, ಎಮ್ಮೆ, ಕುರಿ, ಮೇಕೆಯಿಂದ ಹಿಡಿದು ನಾಯಿ, ಕೋಳಿ, ಜೇನ್ನೊಣದವರೆಗೆ. ಆ ಮೂಲ ವ್ಯಾಖ್ಯೆಯಲ್ಲಿ ಮೀನಿನ ಹೆಸರಿಲ್ಲ. ಅಧಿಸೂಚನೆಯ ಮೂಲಕ ಸೇರಿಸಲು ಅವಕಾಶ ಅದರಲ್ಲೇ ಇದೆ. ಜೇನ್ನೊಣಕ್ಕೆ ಸಿಕ್ಕ ಕಾನೂನಿನ ನೆರಳು ಮೀನಿಗೂ ಸಿಗಬೇಕು.

ಒಕ್ಕೂಟ ವ್ಯವಸ್ಥೆಯಲ್ಲಿ ಇದು ಆಗದ ಕೆಲಸವಲ್ಲ. ಅಮೆರಿಕದ ಮಹಾಸರೋವರಗಳಲ್ಲಿ 2005-06ರಲ್ಲಿ ವಿಎಚ್‌ಎಸ್ ಎಂಬ ರಕ್ತಸ್ರಾವದ ವೈರಾಣು ರೋಗ ಹಬ್ಬಿದಾಗ ಅಲ್ಲಿನ ಕೇಂದ್ರ ಕೃಷಿ ಇಲಾಖೆ 2006ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿ, ಸರೋವರಗಳ ಅಂಚಿನ 8 ರಾಜ್ಯಗಳಿಂದ 37 ಜಾತಿಯ ಜೀವಂತ ಮೀನುಗಳ ಸಾಗಣೆಯನ್ನು ತಡೆಯಿತು. ಎರೆ ಮೀನು ಮಾರುವವರು ಗಟ್ಟಿಯಾಗಿ ವಿರೋಧಿಸಿದರು. ಪರೀಕ್ಷೆಗೆ ಒಳಪಟ್ಟ ಮೀನಿಗೆ ದಾರಿ ಬಿಡುವಂತೆ ನಿಯಮ ಸಡಿಲವಾಯಿತು. ಆ ವೈರಾಣು ತಣ್ಣೀರಿನದು, ತುಂಗಭದ್ರೆಯ ಬಿಸುಪಿಗೆ ಬಾಳುವಂಥದಲ್ಲ. ಆದರೆ ಒಂದೇ ದೇಶದೊಳಗೆ ರೋಗದ ಗಡಿ ಎಳೆಯಬಹುದು, ವ್ಯಾಪಾರಕ್ಕೂ ಪೂರ್ತಿ ಕಲ್ಲು ಹಾಕದೆ ಎಳೆಯಬಹುದು ಎಂಬುದು ಅಲ್ಲಿ ಸಾಬೀತಾಯಿತು.

ಕಾನೂನು ಬರುವವರೆಗೆ ಕೆರೆಗಳು ಕಾಯಬೇಕಾಗಿಲ್ಲ. ಕರ್ನಾಟಕದಲ್ಲಿ ದೊಡ್ಡ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ, ಸಣ್ಣವುಗಳದನ್ನು ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆ ಹಿಡಿಯುವವರಲ್ಲಿ ಅಂಬಿಗರು, ಗಂಗಾಮತಸ್ಥರು ಕಟ್ಟಿಕೊಂಡ ಮೀನುಗಾರರ ಸಹಕಾರ ಸಂಘಗಳು ಮುಖ್ಯವಾದವು. ಗುತ್ತಿಗೆ ಪತ್ರದಲ್ಲೇ ನಾಲ್ಕು ಸಾಲು ಸೇರಿಸಿದರೆ ಬಹಳಷ್ಟು ಸಾಧ್ಯ: ಮರಿ ಎಲ್ಲಿಂದ ಬಂತೆಂಬ ದಾಖಲೆ, ಮೂಲ ಕೇಂದ್ರದ ಆರೋಗ್ಯ ಪತ್ರ, ನಿಷೇಧಿತ ಜಾತಿ ಬೆರೆತಿಲ್ಲವೆಂಬ ತಪಾಸಣೆ, ಸಾವು ಕಂಡರೆ ವರದಿ. ಸಂಘ ಕಟ್ಟಿ ಕೆಲಸ ಮಾಡುವುದು ಈ ಸೀಮೆಗೆ ಹೊಸದಲ್ಲ. ಇಡೀ ದೇಶದಲ್ಲಿ ಕೃಷಿ ಸಾಲದ ಸಹಕಾರ ಸಂಘ ಮೊದಲು ಹುಟ್ಟಿದ್ದು 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಹುಲಕೋಟಿಯನ್ನು ಸಹಕಾರದ ಊರಾಗಿ ಬೆಳೆಸಿದವರು ಕೆ.ಎಚ್. ಪಾಟೀಲರು, ಅವರ ಹೆಸರಿನ ಕೃಷಿ ವಿಜ್ಞಾನ ಕೇಂದ್ರ ಆ ಊರಿನಲ್ಲೇ ಇದೆ. ಒಬ್ಬೊಬ್ಬ ಮೀನುಗಾರನಿಗೆ ಭಾರವಾಗುವ ಕ್ವಾರಂಟೈನ್ ಹೊಂಡವನ್ನು ನಾಲ್ಕಾರು ಸಂಘಗಳು ಕೂಡಿ ತೋಡಿಕೊಳ್ಳಬಹುದು. ಒಟ್ಟಿಗೆ ಕೊಳ್ಳುವ ಸಂಘಕ್ಕೆ ಮರಿ ಮಾರುವವನ ಬಳಿ ಆರೋಗ್ಯ ಪತ್ರ ಕೇಳುವ ದನಿಯೂ ಬರುತ್ತದೆ.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಬಂದ ಮರಿಯನ್ನು ಕೆರೆಗೆ ಸಂಪರ್ಕವಿಲ್ಲದ ಹೊಂಡದಲ್ಲಿ ಎರಡು-ಮೂರು ವಾರ ಇರಿಸಿಕೊಳ್ಳಬೇಕು. ಅದಕ್ಕೆ ಮೊದಲು ಚೀಲವನ್ನು ಹೊಂಡದ ನೀರಿನ ಮೇಲೆ ತೇಲಿಸಿ ಶಾಖ ಸರಿದೂಗಿಸಿ, ಮರಿಯನ್ನು ಮಾತ್ರ ಬಲೆಯಲ್ಲಿ ಎತ್ತಿಕೊಂಡು ನೂರಕ್ಕೆ ಎರಡು-ಮೂರರಷ್ಟು ಉಪ್ಪು ಕರಗಿಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಬೇಕು. ಮೀನು ತಳಮಳಿಸಿದ ಕೂಡಲೇ ತೆಗೆಯಬೇಕು. ಚೀಲದ ನೀರನ್ನು ಕೆರೆಗಾಗಲಿ ಕಾಲುವೆಗಾಗಲಿ ಸುರಿಯದೆ ದೂರದ ಒಣ ನೆಲಕ್ಕೆ ಚೆಲ್ಲಬೇಕು. ಉಪ್ಪು ಪರೋಪಜೀವಿಗಳನ್ನು ಕೊಡವೀತೇ ಹೊರತು ವೈರಾಣುವನ್ನು ಕೊಲ್ಲುವುದಿಲ್ಲ. ಹೊರಗೆ ಲವಲವಿಕೆಯಿಂದ ಕಾಣುವ ಮರಿಯೂ ಒಳಗೆ ವೈರಾಣು ಹೊತ್ತಿರಬಹುದು. ಅದಕ್ಕಾಗಿಯೇ ಕಣ್ಣಳತೆಯ ಪ್ರಮಾಣಪತ್ರ ಸಾಲದು, ಪ್ರಯೋಗಾಲಯದ ಪರೀಕ್ಷೆ ಬೇಕು, ಕಾಯುವ ವಾರಗಳೂ ಬೇಕು. ಬಲೆ, ಬುಟ್ಟಿ, ಹರಿಗೋಲುಗಳನ್ನು ಇನ್ನೊಂದು ಕೆರೆಗೆ ಒಯ್ಯುವ ಮುನ್ನ ಬಿಸಿಲಲ್ಲಿ ಚೆನ್ನಾಗಿ ಒಣಗಿಸುವುದು ಗದಗದ ಬಿಸಿಲಿಗೆ ಖರ್ಚಿಲ್ಲದ ಕೆಲಸ. ಮಳೆಗಾಲದಲ್ಲಾದರೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೊಳೆಯಬೇಕು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಗುಂಡಿಗಳಲ್ಲಿ ಉಳಿದ ಮೀನನ್ನು ತೆಗೆದು, ತಳ ಪೂರ್ತಿ ಕಾಯಲು ಬಿಟ್ಟು ಸುಣ್ಣ ಎರಚಿದರೆ ಮುಂದಿನ ವರ್ಷದ ಬಿತ್ತನೆಗೆ ನೆಲ ಸಿದ್ಧ.

ರೋಗ ಬಂದಾಗ ಬೇಗ ತಿಳಿಯುವ ಏರ್ಪಾಡು ದೇಶದಲ್ಲಿ ಇದೆ. ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೊ 2013ರಿಂದ ಜಲಚರ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮವನ್ನು ನಡೆಸುತ್ತಿದ್ದು, ಮಂಗಳೂರಿನ ಮೀನುಗಾರಿಕೆ ಕಾಲೇಜು ಅದರ ಪಾಲುದಾರ. ರೈತರು ನೇರವಾಗಿ ರೋಗದ ವಿಷಯ ತಿಳಿಸಲು 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪ್ ತಂದಿತು. ಬೆಂಗಳೂರಿನ ಹೆಬ್ಬಾಳದಲ್ಲೂ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಆದರೆ ಮಂಗಳೂರು, ಬೆಂಗಳೂರು ಎರಡೂ ಮುಂಡರಗಿಗೆ ಮುನ್ನೂರು ಕಿಲೋಮೀಟರ್ ಆಸುಪಾಸಿನ ದೂರ. ಸತ್ತ ಮೀನು ಬಿಸಿಲಿಗೆ ಕೊಳೆಯಲು ಕೆಲವೇ ಗಂಟೆ ಸಾಕು. ಹುಬ್ಬಳ್ಳಿ-ಧಾರವಾಡದಲ್ಲೊಂದು ಮೀನುರೋಗ ಪ್ರಯೋಗಾಲಯ ಬಂದರೆ ಉತ್ತರ ಕರ್ನಾಟಕದ ಕೆರೆಗಳಿಗೆ ಅದರಷ್ಟು ಉಪಕಾರ ಇನ್ನೊಂದಿಲ್ಲ. ಅಲ್ಲಿಯವರೆಗೆ ಮಾದರಿ ಕಳುಹಿಸುವವರು ತೇಲಿ ಬಂದ ಹೆಣಮೀನನ್ನು ಒಯ್ಯಬಾರದು. ಕಾಯಿಲೆಯ ಚಿಹ್ನೆ ಇದ್ದೂ ಇನ್ನೂ ಈಜುತ್ತಿರುವ ಮೀನನ್ನು ಆಮ್ಲಜನಕದ ಚೀಲದಲ್ಲಿ ಜೀವಂತವಾಗಿ ಮುಟ್ಟಿಸಬೇಕು. ಅದು ಆಗದಿದ್ದರೆ ಕಿವಿರು, ಹುಣ್ಣಿನ ಅಂಚು, ಯಕೃತ್ತುಗಳ ತುಣುಕುಗಳನ್ನು ವೈರಾಣು ಪರೀಕ್ಷೆಗೆ ಆಲ್ಕೋಹಾಲಿನಲ್ಲೂ, ಸೂಕ್ಷ್ಮದರ್ಶಕದ ಪರೀಕ್ಷೆಗೆ ಫಾರ್ಮಲಿನ್‌ನಲ್ಲೂ ಬೇರೆ ಬೇರೆ ಸೀಸೆಗಳಲ್ಲಿಟ್ಟು, ಕೆರೆಯ ಹೆಸರು, ದಿನಾಂಕ, ಆ ಮರಿ ಯಾವ ಊರಿನಿಂದ ಬಂದದ್ದೆಂಬ ವಿವರವನ್ನು ಮೇಲೆ ಬರೆದು ಕಳುಹಿಸಬೇಕು.